ಕ್ಯಾಸೆಟ್ಟು ಹೋಯ್ತು, ಸಿಡಿ ಹೋಯ್ತು, ಜೊತೆಗೆ ತಬಲಾದವರ ಹೆಸರೂ ಹೋಯ್ತು

ಮಾಟುಂಗಾ ಮಂದ್ರ

ಹಾಡಿನ ಡೌನ್‌ಲೋಡಿನ ಮೇಲೆ ತಕರಾರು ತೆಗೆದರೆ ಹಳೇ ತಲೆ ಅಂತಾರೆ. ಅನ್ನಲಿ. ಯಾವುದಾದರೂ ಹಿಂದೂಸ್ತಾನಿ ಕ್ಯಾಸೆಟ್ಟಿನ ಒಳಚೀಟಿ ಬಿಡಿಸಿ ನೋಡಿ: ರಾಗ, ತಾಳ, ನಿಧಾನಗತಿಯ ಬಡಾ ಖ್ಯಾಲಿನ ಮೊದಲ ಸಾಲು, ವೇಗದ ಛೋಟಾ ಖ್ಯಾಲಿನ ಮೊದಲ ಸಾಲು, ತಬಲಾ ಯಾರದು, ಹಾರ್ಮೋನಿಯಂ ಯಾರದು, ತಂಬೂರಿ ಹಿಡಿದು ದನಿಗೂಡಿಸಿದವರು ಯಾರು. ಅದೇ ಮುದ್ರಣ ಫೈಲಾಗಿ ಬಂದರೆ ಗಾಯಕರ ಹೆಸರು, "ಯಮನ್ 1", "ಯಮನ್ 2", ಹೆಬ್ಬೆರಳಿನಷ್ಟು ಒಂದು ಚಿತ್ರ. ಮುಗಿಯಿತು. ನಮ್ಮ ಹುಬ್ಬಳ್ಳಿ-ಧಾರವಾಡದ ಗಾಯಕರ ಹಿಂದೆ ಜೀವಮಾನವಿಡೀ ತಬಲಾದ ಠೇಕಾ ಹಿಡಿದವರು ಒಂದೇ ಏಟಿಗೆ ಅನಾಮಧೇಯರಾದರು.

ಮುಂಬೈ ಕಾಳಾ ಘೋಡಾದ ಹಳೇ ಕ್ಯಾಸೆಟ್-ಸಿಡಿ ಅಂಗಡಿ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಇನ್ನು ಉಳಿದದ್ದು ಹಳೇ ಸಾಮಾನಿನ ಚೋರ್ ಬಜಾರಿನ ಮಟನ್ ಸ್ಟ್ರೀಟು ಮತ್ತು ನಮ್ಮ ನಮ್ಮ ಅಟ್ಟಗಳು. ಗೋಳಿನ ಜೊತೆ ಕೆಲಸದ ಮಾತೂ ಇರಲಿ ಈ ಚರ್ಚೆಯಲ್ಲಿ: ಇರುವುದನ್ನು ಫೈಲಿಗೆ ಇಳಿಸುವುದು ಹೇಗೆ, ಎಲ್ಲಿ ಕೆಡುತ್ತದೆ, ಚೀಟಿಯಲ್ಲಿದ್ದದ್ದನ್ನು ಫೈಲಿನೊಳಗೆ ಕೂರಿಸುವುದು ಹೇಗೆ.

ಕೋಥ್ರೂಡ್ ಕಾಕಾ

ಹೆಸರಿನ ಮಾತು ಖರೇ ಅದ. ಅದರ ಜೋಡಿ ಇನ್ನೊಂದು ಸೇರಸ್ರಿ. ನಿಧಾನದ ವಿಲಂಬಿತ ಒಂದು ಫೈಲು, ವೇಗದ ದ್ರುತ್ ಇನ್ನೊಂದು ಫೈಲು ಆದಾಗ, ಒಂದು ಮುಗದು ಇನ್ನೊಂದು ಹಿಡಿಯೋ ಜಾಗಾದಾಗ ಎಂಪಿ3 ಒಂದು ಕ್ಷಣ ಉಸಿರು ಕಟ್ಟತದ. ತಂಬೂರಿ ನಿಲ್ಲತದ, ಮತ್ತ ಶುರು ಆಗತದ. ಕಾರಣ ಇಷ್ಟ: ಎಂಪಿ3 ದನೀನ 1152 ಸ್ಯಾಂಪಲ್‌ಗಳ (ದನಿಯ ಸಣ್ಣ ಅಳತಿಗಳ) ಕಂತು ಮಾಡಿ ಕತ್ತರಸತದ. ಹಾಡಿನ ಉದ್ದ ಆ ಲೆಕ್ಕಕ್ಕ ಕೂಡಲಿಲ್ಲಂದ್ರ ಕೊನೀಗೆ ಮೌನ ತುಂಬತದ, ಶುರುವಿನಾಗೂ ಎನ್‌ಕೋಡರ್ (ಎಂಪಿ3 ಮಾಡೋ ಸಾಫ್ಟ್‌ವೇರ್) ತಂದೊಂದು ಸಣ್ಣ ಮೌನ ಸೇರಸತದ. ಲೇಮ್ ಅನ್ನೋ ಎನ್‌ಕೋಡರ್ ಎಷ್ಟು ಸೇರಿಸೇನಿ ಅಂತ ಫೈಲಿನ ತಲಿಯೊಳಗ ಬರದಿಡತದ ಖರೇ, ಅದನ್ನ ಓದೋ ಪ್ಲೇಯರ್ ಇರಬೇಕಲ್ಲ? ಫ್ಲ್ಯಾಕ್‌ಗೆ, ಅಂದ್ರ ದನಿ ಒಂಚೂರೂ ಬಿಡದ ಫೈಲಿನ ನಮೂನಿಗೆ, ಈ ರೋಗ ಇಲ್ಲ.

ಇನ್ನ ನಿಮಿಷಕ್ಕ 78 ಸುತ್ತಿನ ಹಳೇ ಗ್ರಾಮಫೋನ್ ತಟ್ಟಿಗೆ ಮೂರು ಮೂರೂವರಿ ನಿಮಿಷ, ಆಮ್ಯಾಲ ಬಂದ ದೊಡ್ಡ ತಟ್ಟಿ ಎಲ್‌ಪಿಯ ಸೈಡಿಗೆ ಇಪ್ಪತ್ತು ಚಿಲ್ಲರೆ, ಸಿಡಿಗೆ 74. ಎಲ್‌ಪಿಯೊಳಗ ಒಂದ ರಾಗ ಎರಡೂ ಸೈಡಿಗೆ ಹಂಚಿದ್ರ ಮೊದಲನೇದರ ಕೊನೀಗೆ ದನಿ ಇಳಿಸತಿದ್ರು, ಎರಡನೇದರಾಗ ಏರಸತಿದ್ರು. ಫೈಲಿಗೆ ಮಿತಿನ ಇಲ್ಲ. ಆದ್ರೂ ಎಷ್ಟೋ ಡೌನ್‌ಲೋಡಿನಾಗ ಆ ಇಳಿಸು-ಏರಿಸು ಹಂಗ ಕೂತದ. ಮೂಲ ಟೇಪ್ ಮುಟ್ಟೇ ಇಲ್ಲ ಅಂತ ಅಲ್ಲೇ ತಿಳೀತದ.

ಠಾಣೆ ಡೆಸಿಬಲ್

ಡಿಜಿಟಲ್ಲನ್ನು ಬಯ್ಯುವ ಮುಂಚೆ ಸ್ವಲ್ಪ ಲೆಕ್ಕ. ಸಿಡಿಯೂ ಡಿಜಿಟಲ್ಲೇ, 1982ರಿಂದ: 16 ಬಿಟ್, 44.1 ಕಿಲೋಹರ್ಟ್ಸ್, ಸೆಕೆಂಡಿಗೆ 1411 ಕಿಲೋಬಿಟ್. 128ರ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲು. ಕ್ಯಾಸೆಟ್ಟು ಸ್ವರ್ಗವೇನಲ್ಲ. 3.81 ಮಿ.ಮೀ. ಅಗಲದ ಟೇಪು, ಅದರಲ್ಲಿ ನಾಲ್ಕು ಪಟ್ಟಿ, ಸೆಕೆಂಡಿಗೆ 4.76 ಸೆಂ.ಮೀ. ವೇಗ. ಹಿಸ್ಸೆಂಬ ಸದ್ದು ಅದರ ಜೊತೆಗೇ ಹುಟ್ಟಿದ್ದು.

ಕೊಲೆ ನಡೆಯುವುದು ಆ ಹಿಸ್ಸನ್ನು ತೆಗೆಯುವಾಗ. ಸಾಫ್ಟ್‌ವೇರಿಗೆ "ಇದು ಸದ್ದು, ಇದನ್ನು ಅಳಿಸು" ಅಂತ ಒಂದು ಮಾದರಿ ಕೊಡಬೇಕು. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡನ್ನು ಮಾದರಿಯಾಗಿ ಕೊಡುತ್ತಾರೆ. ಅಲ್ಲಿ ತಂಬೂರಿ ಆಗಲೇ ಮಿಡಿಯುತ್ತಿರುತ್ತದೆ! ಸಾಫ್ಟ್‌ವೇರು ತಂಬೂರಿಯನ್ನೇ ಸದ್ದೆಂದು ತಿಳಿದು ಇಡೀ ಹಾಡಿನಿಂದ ಒರೆಸಿಹಾಕುತ್ತದೆ. ತಂಬೂರಿಯ ಝೇಂಕಾರದ, ಅಂದರೆ ಜವಾರಿಯ, ಮೇಲಿನ ಎಳೆಗಳು ಹಿಸ್ ಇರುವ ಜಾಗದಲ್ಲೇ ಇರುವುದರಿಂದ ಮೊದಲು ಹೋಗುವುದು ಅವೇ. ಗಾಯಕರು ನೀರಿನೊಳಗೆ ನಿಂತು ಹಾಡಿದ ಹಾಗೆ ಕೇಳಿಸಿದರೆ ಇದೇ ಕಾರಣ.

ಮನೆಯಲ್ಲಿ ಮಾಡುವವರು ಮಾದರಿಯನ್ನು ತಂಬೂರಿಗೂ ಮುಂಚಿನ ಬರೀ ಟೇಪಿನಿಂದ ತೆಗೆದುಕೊಳ್ಳಿ. ಆದರೆ ಲೀಡರ್‌ನಿಂದ ಬೇಡ. ತುದಿಯ ಆ ಪಾರದರ್ಶಕ ಪಟ್ಟಿಯ ಮೇಲೆ ಆಕ್ಸೈಡೇ ಇರುವುದಿಲ್ಲ, ಅದರ ಸದ್ದೇ ಬೇರೆ. 6 ಡಿಬಿಗಿಂತ (ಡೆಸಿಬಲ್, ಸದ್ದಿನ ಅಳತೆ) ಹೆಚ್ಚು ತೆಗೆಯಬೇಡಿ. ಹಿಸ್ ತೆಗೆದ ಪ್ರತಿಯನ್ನು ಬೇರೆ ಫೈಲಾಗಿ ಉಳಿಸಿ, ಮೂಲ ಹಾಗೇ ಇರಲಿ.

ಕೋಥ್ರೂಡ್ ಕಾಕಾ

ನಮ್ಮ ಕಡೆ ಜವಾರಿ ಅಂದ್ರ ಜವಾರಿ ಜ್ವಾಳ, ಜವಾರಿ ಬದನಿಕಾಯಿ. ಎರಡೂ ಜವಾರಿ ಹಾಳು ಮಾಡಿದವರು ಒಂದ ಮಂದಿ ಬಿಡ್ರಿ, ಪಾಲಿಶ್ ಹಿಡಿಸೋ ಮಂದಿ.

ಮೀರಾ ರೋಡ್ ಮಲ್ಲಿಗೆ

ನಿಮಗೆ ಖ್ಯಾಲಿನದ್ದಾದರೂ ಡೌನ್‌ಲೋಡ್ ಉಂಟು ಮಾರಾಯ್ರೆ. ಯಕ್ಷಗಾನದ ಕ್ಯಾಸೆಟ್ಟು ಕೇಳುವವರಿಲ್ಲ. ಒಂದು ಪ್ರಸಂಗಕ್ಕೆ ಎರಡು-ಮೂರು ಕ್ಯಾಸೆಟ್ಟಿನ ಕಟ್ಟು, ಚೀಟಿಯಲ್ಲಿ ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು ಯಾವ ಪಾತ್ರಕ್ಕೆ ಯಾರು ಎಂದು ಪೂರ್ತಿ ಬರೆದಿರುತ್ತಿತ್ತು. ಈಗ ಅದೇ ಧ್ವನಿ "ಫುಲ್ ಯಕ್ಷಗಾನ ಪಾರ್ಟ್ 3" ಎಂದು ತಿರುಗುತ್ತಾ ಉಂಟು, ಪಾರ್ಟ್ 2 ಎಲ್ಲಿ ಎಂದು ದೇವರಿಗೇ ಗೊತ್ತು.

ಮತ್ತೆ "ಖರೀದಿ" ಎನ್ನುವ ಶಬ್ದದ ಮೇಲೆ ಸ್ವಲ್ಪ ಗಮನ ಇರಲಿ. ಫ್ಲಿಪ್‌ಕಾರ್ಟಿನ ಫ್ಲೈಟ್ ಎನ್ನುವ ಎಂಪಿ3 ಅಂಗಡಿ 2012ರಲ್ಲಿ ತೆರೆದು 2013ರಲ್ಲಿ ಮುಚ್ಚಿತು. ಅದರ ಫೈಲಿಗೆ ಬೀಗ ಇರಲಿಲ್ಲ, ಹಾಗಾಗಿ ಇಳಿಸಿಕೊಂಡವರ ಹತ್ತಿರ ಹಾಡು ಉಳಿಯಿತು. ಸ್ಟ್ರೀಮಿಂಗಿನಲ್ಲಿ "ಆಫ್‌ಲೈನ್" ಎಂದು ಇಳಿಸುವುದು ಬಾಡಿಗೆ ಮನೆ. ಚಂದಾ ನಿಂತ ದಿನ, ಇಲ್ಲ ಕಂಪನಿಗಳ ಒಪ್ಪಂದ ಮುರಿದ ದಿನ, ಸಾಮಾನು ಹೊರಗೆ. ಡೌನ್‌ಲೋಡನ್ನೂ ಸ್ಟ್ರೀಮಿಂಗನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಬಯ್ಯಬೇಡಿ.

ಪಿಂಪ್ರಿ ಪಲ್ಲವಿ

ಕ್ಯಾಸೆಟ್ಟು, ಎಲ್‌ಪಿ, ಸಿಡಿ ಎಲ್ಲ ಸೇರಿ 200 ಇದ್ದರೆ ಯಾವುದರಿಂದ ಶುರು ಮಾಡಬೇಕು?

ಮಾಟುಂಗಾ ಮಂದ್ರ

ಪಲ್ಲವಿಯವರೇ, ಬೆಲೆ ನೋಡಬೇಡಿ. ಇನ್ನೊಂದು ಪ್ರತಿ ಜಗತ್ತಿನಲ್ಲಿ ಇದೆಯೇ ಅಂತ ನೋಡಿ. ಮೊದಲು ಮನೆಯಲ್ಲೇ ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳು: ಆಕಾಶವಾಣಿಯಿಂದ ಹಿಡಿದದ್ದು, ಬೈಠಕ್ಕಿನದ್ದು (ಮನೆಯ ಪುಟ್ಟ ಕಛೇರಿ), ಸಂಘದ ಕಾರ್ಯಕ್ರಮದ್ದು. ಆಮೇಲೆ ಮನೆಯಲ್ಲಿ ಸುಟ್ಟ ಸಿಡಿ-ಆರ್, ಅವುಗಳ ಬಣ್ಣದ ಪದರ ತಾನಾಗಿಯೇ ಕೆಡುತ್ತದೆ. ಮೂರನೆಯದು ಸಣ್ಣ ಊರುಗಳ ಕಂಪನಿಗಳ ಕ್ಯಾಸೆಟ್ಟು. ಮಲ್ಲಿಗೆಯವರ ಯಕ್ಷಗಾನ, ನಮ್ಮ ದಾಸರ ಪದ, ತತ್ವಪದ ಬರುವುದು ಇಲ್ಲಿ. ಎಲ್‌ಪಿ ಗಟ್ಟಿ ಜೀವ, ಕಾಯುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ಸಿಡಿ ಕೊನೆಗೆ.

ಕ್ಯಾಸೆಟ್ಟುಗಳಲ್ಲೂ ಸಿ-120 (120 ನಿಮಿಷದ್ದು) ಇದ್ದರೆ ಅದು ಮುಂದೆ ಬರಲಿ. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಬರೀ 9. ಅದನ್ನು ಫಾಸ್ಟ್ ಫಾರ್ವರ್ಡ್ ಮಾಡಿದರೆ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಪ್ಲೇ ಮಾತ್ರ ಒತ್ತಿ.

ಮಡಗಾಂವ್ ಮಳೆ

ಗೋವಾದವರಿಗೆ, ಮುಂಬೈ ಕಡಲಂಚಿನವರಿಗೂ, ಮೊದಲ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಕಂದು ಮೈ ಮೇಲೆ ಬಿಳಿ ಪುಡಿ, ಜೇಡನ ಬಲೆಯಂಥ ಗೆರೆ ಕಂಡರೆ ಡೆಕ್ಕಿಗೆ (ಕ್ಯಾಸೆಟ್ ಪ್ಲೇಯರಿಗೆ) ಹಾಕಲೇಬೇಡಿ. ಒಂದು ಬೂಷ್ಟು ಹಿಡಿದ ಕ್ಯಾಸೆಟ್ಟು ಹೆಡ್ಡಿಗೆ, ರಬ್ಬರ್ ರೋಲರಿಗೆ ಬೀಜ ಅಂಟಿಸುತ್ತದೆ, ಅಲ್ಲಿಂದ ಮುಂದಿನ ಹತ್ತಕ್ಕೆ ಹಬ್ಬುತ್ತದೆ.

ಒಂದೊಂದನ್ನೂ ಬೇರೆ ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿ, ವಾರವಿಡೀ ಬಿಡಿ. ಒದ್ದೆ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಬೇಡ, ಟೇಪು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಎನ್95 ಮಾಸ್ಕು, ಕೈಗವಸು ಹಾಕಿ ಬಾಲ್ಕನಿಯಲ್ಲಿ ಕವಚ ಬಿಚ್ಚಿ, ಸುರುಳಿಯ ಎರಡೂ ಮೈಯನ್ನು ಮೆತ್ತನೆ ಬ್ರಶ್ಶಿನಿಂದ ಹೊರಮುಖವಾಗಿ ತೀಡಿ. ಮನೆಯೊಳಗೆ ಮಾಡಿದರೆ ಉಳಿದ ಕ್ಯಾಸೆಟ್ಟಿಗೆ ನೀವೇ ಬಿತ್ತನೆ ಮಾಡಿದ ಹಾಗೆ. ಆಮೇಲೆ ಒಂದು ಅಗ್ಗದ, ಹೋದರೂ ಚಿಂತೆಯಿಲ್ಲದ ಡೆಕ್ಕಿನಲ್ಲಿ, ಟೇಪು ನೂಲು ಬಿಡದ ಬಟ್ಟೆಯ ನಡುವೆ ಹಾದುಹೋಗುವ ಹಾಗೆ ಹಿಡಿದು ಒಂದು ಸಲ ನಿಧಾನಕ್ಕೆ ಸುತ್ತಿಸಿ. ಕೊಳೆಯಾದ ಕೂಡಲೇ ಬಟ್ಟೆಯ ಜಾಗ ಬದಲಿಸಿ. ಇದಾದ ಮೇಲೆ ಒಳ್ಳೆಯ ಡೆಕ್ಕು, ಅದೇ ದಿನ ಧ್ವನಿಮುದ್ರಣ.

ಇಡುವ ಜಾಗದಲ್ಲಿ ತೇವಾಂಶ 40–50%ರ ಸುತ್ತ ಇರಲಿ. ಸಣ್ಣ ತೇವಮಾಪಕ ಒಂದು ಕಪಾಟಿನಲ್ಲಿರಲಿ. ಸಿಲಿಕಾ ಜೆಲ್ ಬಣ್ಣ ತಿರುಗಿದರೆ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನುಸಿಗುಳಿಗೆ ಮಾತ್ರ ಇಡಬೇಡಿ. ಕ್ಯಾಸೆಟ್ಟಿನ ಡಬ್ಬಿ ಪಾಲಿಸ್ಟೈರೀನ್, ನ್ಯಾಫ್ತಲೀನಿನ ಆವಿಗೆ ಮೆತ್ತಗಾಗುತ್ತದೆ.

ಪಿಂಪ್ರಿ ಪಲ್ಲವಿ

ಒಂದು ಕ್ಯಾಸೆಟ್ಟಿನಲ್ಲಿ ಬೂಷ್ಟಿಲ್ಲ, ಆದರೆ ಟೇಪಿನ ಹಿಂದಿನ ಪುಟ್ಟ ಸ್ಪಂಜು ಬಿದ್ದುಹೋಗಿದೆ. ದನಿ ಮಂಕು, ಬಂದು ಬಂದು ಹೋಗುತ್ತದೆ. ಕವಚಕ್ಕೆ ಸ್ಕ್ರೂ ಇಲ್ಲ.

ಕೋಥ್ರೂಡ್ ಕಾಕಾ

ಅದು ಪ್ರೆಶರ್ ಪ್ಯಾಡ್ ರೀ. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋದ ಅದರ ಕೆಲಸ. ಅಂಟು ಒಣಗಿ ಉದುರತದ. ಹೊಸ ಅಂಟು ಹಚ್ಚೂಕಿಂತ ಟೇಪನ್ನ ಬ್ಯಾರೆ ಕವಚಕ್ಕ ಹಾಕೋದ ಛಲೋ.

ಐದು ಸ್ಕ್ರೂದ ಒಂದು ಬ್ಲ್ಯಾಂಕ್ ಕ್ಯಾಸೆಟ್ ತಗೋರಿ. ಪುಣೆದ ಜೂನಾ ಬಾಜಾರದಾಗ ಬುಧವಾರ, ರವಿವಾರ ಹುಡಕ್ರಿ, ಸಿಗತಾವ. ಮೇಜಿನ ಮ್ಯಾಲ ಮಲಗಿಸಿ ಬಿಚ್ಚರಿ, ನಿಲ್ಲಿಸಿ ಬಿಚ್ಚಿದ್ರ ಸುರುಳಿ ಜಾರಿ ನೆಲಕ್ಕ. ಒಳಗ ಏನೇನು ಎಲ್ಲೆಲ್ಲಿ ಅದ ಅಂತ ಮೊದಲು ಮೊಬೈಲಿನಾಗ ಫೋಟೋ ತಗೀರಿ: ಮ್ಯಾಲ-ಕೆಳಗ ಎರಡು ತೆಳು ಜಾರುಹಾಳೆ, ಮೂಲಿಗೆ ಎರಡು ರೋಲರ್, ನಡುವ ಪ್ಯಾಡಿನ ಪಟ್ಟಿ, ಅದರ ಹಿಂದ ಲೋಹದ ತಗಡು. ಅಂಟಿಸಿದ ಹಳೇ ಕವಚನ್ನ ಅಂಚಿನ ಸೀಳಿಗೆ ತೆಳು ಚಾಕು ಇಟ್ಟು ಮೂಲಿಯಿಂದ ಸ್ವಲ್ಪ ಸ್ವಲ್ಪ ತಿರುವಿ ಒಡೀರಿ. ಟೇಪಿನ ಕಡೆ ಚಾಕು ಹೋಗಬಾರದು. ಎರಡೂ ಸುರುಳಿ ಎತ್ತಿ ಹೊಸ ಕವಚದಾಗ ಕೂಡಿಸಿ, ಟೇಪು ರೋಲರಿನ ಹೊರಮೈಯಿಂದ, ಪ್ಯಾಡಿನ ಮುಂದಿಂದ ಹಾಯತದೋ ನೋಡ್ರಿ. ಜಾರುಹಾಳಿ ಬಿಟ್ಟು ಮುಚ್ಚಿದ್ರ ಕಿರುಗುಟ್ಟತದ. ಸ್ಕ್ರೂ ಹೆಚ್ಚು ಬಿಗಿ ಮಾಡಿದ್ರ ಸುರುಳಿ ತಿರುಗೂದಿಲ್ಲ. ಮುಚ್ಚಿದ ಮ್ಯಾಲ ಪೆನ್ಸಿಲ್ ಹಾಕಿ ತಿರುವಿ ನೋಡ್ರಿ, ಹಗುರ ತಿರುಗಬೇಕು.

ಟೇಪು ಹರಿದಿದ್ರ ಸೆಲೋಟೇಪ್ ಹಚ್ಚಬ್ಯಾಡ್ರಿ, ಅದರ ಅಂಟು ಸುರಿದು ಮುಂದಿನ ಸುತ್ತಿಗೂ ಹತ್ತತದ. ಸ್ಪ್ಲೈಸಿಂಗ್ ಟೇಪ್ ಅಂತ ಬ್ಯಾರೆ ಸಿಗತದ. ಅದನ್ನ ಹೆಡ್ಡಿಗೆ ತಾಗದ ಒಳಮೈಗೆ ಹಚ್ಚಬೇಕು.

ಠಾಣೆ ಡೆಸಿಬಲ್

ಡೆಕ್ಕಿನ ಮಾತು. ವರ್ಷಗಟ್ಟಲೆ ಸುಮ್ಮನಿದ್ದ ಡೆಕ್ಕಿನಲ್ಲಿ ಬೆಲ್ಟು ಕರಗಿ ಡಾಂಬರಾಗಿರುತ್ತದೆ. ಕೈಗೆ ಹತ್ತಿದರೆ ಎರಡು ದಿನ ಹೋಗದು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ರಾಟೆ ಪೂರ್ತಿ ಒರೆಸಿ. ದಾರವನ್ನು ರಾಟೆಗಳ ಸುತ್ತ ಬಳಸಿ ಅಳತೆ ತೆಗೆದು, ಅದಕ್ಕಿಂತ 5–10% ಕಮ್ಮಿ ಸುತ್ತಳತೆಯ ಬೆಲ್ಟು ತನ್ನಿ: ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡು, ಪುಣೆಯಲ್ಲಿ ತಪಕೀರ್ ಗಲ್ಲಿ. ತೀರಾ ಬಿಗಿಯಾದರೆ ಮೋಟಾರು ಒದ್ದಾಡುತ್ತದೆ, ಸಡಿಲಾದರೆ ಸ್ವರ ಅಲುಗುತ್ತದೆ. ಯಮನಿನ ತೀವ್ರ ಮಧ್ಯಮದ ಮೇಲೆ ನಿಂತಾಗ ಗೊತ್ತಾಗುತ್ತದೆ.

ಹೆಡ್ಡನ್ನು 99% ಐಸೊಪ್ರೊಪೈಲಿನಿಂದ, ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಒರೆಸಿ. ರಬ್ಬರ್ ರೋಲರಿಗೆ ಅದು ಬೇಡ, ಸೋಪುನೀರಿನ ಒದ್ದೆ ಬಟ್ಟೆ ಸಾಕು. ಹಿಸ್ ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ. ಚೀಟಿಯ ಮೇಲೆ ಡಾಲ್ಬಿ ಗುರುತಿದ್ದರೆ ಮಾತ್ರ ಆನ್. ಸುಮ್ಮನೆ ಆನ್ ಮಾಡಿದರೆ ಮೇಲಿನ ಸ್ವರಗಳಿಗೆ ಕಂಬಳಿ ಹೊದಿಸಿದ ಹಾಗೆ.

ಅಝಿಮತ್ ಅನ್ನುವುದು ಬಹಳ ಜನ ಬಿಡುವ ಹಂತ, ಲಾಭ ಹೆಚ್ಚಿರುವುದೂ ಇಲ್ಲೇ. ಟೇಪಿಗೆ ಹೆಡ್ಡು ಸರಿಯಾಗಿ ಲಂಬವಾಗಿರಬೇಕು. ಧ್ವನಿಮುದ್ರಿಸಿದ ಯಂತ್ರದ ಕೋನ ಬೇರೆ, ನಿಮ್ಮದು ಬೇರೆ ಆದರೆ ಮಂಕು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಅದಕ್ಕೇ ಇರುವುದು. ಮೊದಲಿನ ಸ್ಥಾನಕ್ಕೆ ಗುರುತು ಹಾಕಿ, ಹಾಡು ನುಡಿಯುತ್ತಿರುವಾಗಲೇ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ ಕೇಳುತ್ತಾ, ಕೂದಲೆಳೆಯಷ್ಟು ತಿರುಗಿಸಿ. ತಬಲಾದ ಅಂಚಿನ, ಅಂದರೆ ಚಾಟಿಯ, ಏಟು ಅತ್ಯಂತ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಸ್ಕ್ರೂಡ್ರೈವರ್ ಆಯಸ್ಕಾಂತದ್ದಾಗಿರಬಾರದು.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಸಾಮಾನ್ಯವಾಗಿ ಅದು ಮೋನೋ, ದನಿ ಒಡೆಯುತ್ತದೆ. ಲೈನ್-ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬೇಕು. ಗುಂಯ್ ಅಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್, ಜೋರಾದ ತಾನ್ ಕೂಡ ಮೈನಸ್ 6 ಡಿಬಿ ದಾಟದಿರಲಿ. ಒಂದು ಸೈಡಿಗೆ ಒಂದೇ ಫೈಲು. ಗಂಟೆಗೆ ಸುಮಾರು 1.04 ಜಿಬಿ. ಫ್ಲ್ಯಾಕ್ ಮಾಡಿದರೆ ಸುಮಾರು ಅರ್ಧ.

ಮಾಟುಂಗಾ ಮಂದ್ರ

ಶ್ರುತಿಯ ಬಗ್ಗೆ ಒಂದು ಮಾತು. ಟೇಪು 3% ವೇಗವಾದರೆ ಷಡ್ಜ ಸುಮಾರು ಅರ್ಧ ಸ್ವರಸ್ಥಾನ ಏರುತ್ತದೆ, 6% ಆದರೆ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹೋಗಿ ಪಾಂಢರಿ ಎರಡು (ಎರಡನೇ ಬಿಳಿ ಮನೆ). ಹಾರ್ಮೋನಿಯಂ ಇದ್ದರೆ ಟ್ಯೂನರ್ ಆಪ್ ಹಿಡಿದು ನೋಡಿ. ಬರೀ ತಂಬೂರಿ ಇದ್ದರೆ ಧ್ವನಿಮುದ್ರಣದಲ್ಲೇ ಅಡಗಿದ ಕರೆಂಟಿನ ಗುಂಯ್‌ಕಾರ ಹುಡುಕಿ. ನಮ್ಮ ಕರೆಂಟು 50 ಹರ್ಟ್ಸ್. ಸ್ಪೆಕ್ಟ್ರಮ್‌ನಲ್ಲಿ ಅದರ ಮೂರನೇ ಪಟ್ಟು 150ರ ಬದಲು 154.5ರಲ್ಲಿ ಕಂಡರೆ ಟೇಪು 3% ಮುಂದೆ ಓಡುತ್ತಿದೆ.

ಠಾಣೆ ಡೆಸಿಬಲ್

ಒಪ್ಪಿದೆ, ಎರಡು ತಿದ್ದುಪಡಿ. ನಿಖರ 150ರಲ್ಲಿ ಕಂಡರೆ ಅದು ನಿಮ್ಮ ಮನೆಯ ಈಗಿನ ಕರೆಂಟು ಇರಬಹುದು. ಕ್ಯಾಸೆಟ್ ನಿಲ್ಲಿಸಿಯೂ ಒಮ್ಮೆ ನೋಡಿ. ಮತ್ತೆ 1990ರ ದಶಕದಲ್ಲಿ ಗ್ರಿಡ್ ಒಮ್ಮೊಮ್ಮೆ 49ಕ್ಕಿಂತ ಕೆಳಗೂ ಇಳಿಯುತ್ತಿತ್ತು. ಆ ಕಾಲದ ಟೇಪಿನಲ್ಲಿ 2% ವ್ಯತ್ಯಾಸಕ್ಕೆ ಡೆಕ್ಕನ್ನು ಬಯ್ಯಬೇಡಿ, ವಿದ್ಯುತ್ ಮಂಡಳಿಯನ್ನು ಬಯ್ಯಿರಿ. ಬ್ಯಾಟರಿ ಸೋಲುತ್ತಿದ್ದ ಯಂತ್ರದಲ್ಲಿ ಹಿಡಿದದ್ದು ಕೊನೆಕೊನೆಗೆ ಏರುತ್ತಾ ಹೋಗುತ್ತದೆ, ಅದಕ್ಕೆ ಒಂದೇ ತಿದ್ದುಪಡಿ ಸಾಲದು.

ಡೊಂಬಿವ್ಲಿ 78

ತಟ್ಟೆಗಳ ಬಗ್ಗೆ ಯಾರೂ ಹೇಳಿಲ್ಲ. 78ರ ತಟ್ಟೆ ಅರಗಿನದು. ಆಲ್ಕೋಹಾಲ್ ತಾಗಿಸಿದರೆ ಕರಗುತ್ತದೆ. ಎಲ್‌ಪಿಗೆಂದು ತಂದ ದ್ರಾವಣವನ್ನು ಇದಕ್ಕೆ ಹಾಕಬೇಡಿ. ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಲೇಬಲ್ ನೆನೆಯದ ಹಾಗೆ ಬೇಗ ಒರೆಸಿ. ಮುಳ್ಳು ಬೇರೆ ಬೇಕು: 78ಕ್ಕೆ ಸುಮಾರು 75 ಮೈಕ್ರಾನ್, ಎಲ್‌ಪಿಗೆ 18. ಎಲ್‌ಪಿ ಮುಳ್ಳು ಹಾಕಿದರೆ ಕಾಲುವೆಯ ತಳದ ಕೊಳೆಯಲ್ಲಿ ಉರುಳುತ್ತದೆ, ಬರೀ ಚರಪರ. ಕೀಲಿ ಕೊಡುವ ಹಳೇ ಗ್ರಾಮಫೋನಿನಲ್ಲಿ ಅಪರೂಪದ ತಟ್ಟೆ ಹಾಕುವುದು ಪಾಪ. ಅದರ ತಲೆಯ ಭಾರ ನೂರು ಗ್ರಾಂ ದಾಟುತ್ತದೆ, ಎಲ್‌ಪಿಗೆ ನಾವು ಇಡುವುದು ಒಂದೂವರೆ-ಎರಡು ಗ್ರಾಂ.

ಎಚ್‌ಎಂವಿ ಎಲ್‌ಪಿಯ ನಂಬರು ನೋಡಿ. ಇಎಎಲ್‌ಪಿ ಅಂದರೆ ಮೋನೋ, ಇಎಎಸ್‌ಡಿ ಅಂದರೆ ಸ್ಟೀರಿಯೊ. ಮೋನೋ ತಟ್ಟೆಯ ಎರಡೂ ಚಾನೆಲ್ ಕೂಡಿಸಿದರೆ ಮುಳ್ಳಿನ ಮೇಲೆ-ಕೆಳಗೆ ಅಲುಗಾಟದ ಸದ್ದು ಒಂದನ್ನೊಂದು ಕಳೆಯುತ್ತದೆ. ಪುಕ್ಕಟೆ ಶುದ್ಧೀಕರಣ, ತಂಬೂರಿಗೂ ಪೆಟ್ಟಿಲ್ಲ.

ಮೀರಾ ರೋಡ್ ಮಲ್ಲಿಗೆ

ಇಳಿಸಿದ್ದನ್ನು ಎಲ್ಲರಿಗೂ ಹಂಚಬಹುದಾ?

ಡೊಂಬಿವ್ಲಿ 78

ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಬಂದ ತಟ್ಟೆ 2020ರ ಕೊನೆಗೆ ಮುಕ್ತವಾಯಿತು. ಹಾಡಿನ ಸಾಹಿತ್ಯ, ಸಂಗೀತ ಸಂಯೋಜನೆಯ ಹಕ್ಕು ಬೇರೆ: ಅದು ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60. ದಾಸರ ಪದಕ್ಕೆ ಸಾಹಿತ್ಯದ ತಂಟೆಯಿಲ್ಲ, ಧಾಟಿ ಕೂರಿಸಿದವರದ್ದು ಇರಬಹುದು. ಭಾವಗೀತೆಗೆ ಕವಿಯದ್ದೂ ಇರುತ್ತದೆ.

ಮಾಟುಂಗಾ ಮಂದ್ರ

ಈಗ ಚೀಟಿ. ಮಡಿಕೆಗಳನ್ನೆಲ್ಲ ಬಿಡಿಸಿ, ಎರಡೂ ಮುಖ, 600 ಡಿಪಿಐ ಸ್ಕ್ಯಾನ್. ಕ್ಯಾಸೆಟ್ಟಿನ ಮೈಮೇಲಿನ ಲೇಬಲ್ಲೂ ಬೇಕು, ಕೆಲವೊಮ್ಮೆ ಚೀಟಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಫ್ಲ್ಯಾಕಿನ ಟ್ಯಾಗಿನಲ್ಲಿ (ಫೈಲಿನೊಳಗಿನ ವಿವರಪಟ್ಟಿ) ನಮಗೆ ಬೇಕಾದ ಹೆಸರಿನ ಕಂಡಿ ಮಾಡಿಕೊಳ್ಳಬಹುದು: ರಾಗ, ತಾಳ, ಚೀಜು (ಹಾಡಿನ ಸಾಹಿತ್ಯ), ತಬಲಾ, ಹಾರ್ಮೋನಿಯಂ, ಕ್ಯಾಸೆಟ್ ನಂಬರು, ಇಳಿಸಿದ ದಿನ, ಯಾವ ಡೆಕ್ಕು, ವೇಗ ಎಷ್ಟು ತಿದ್ದಿದ್ದು. ಎಂಪಿ3ಯ ಹಳೇ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ 30 ಬೈಟು ಮಾತ್ರ, ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೆ 3 ಬೈಟು. ಒತ್ತಕ್ಷರ ಬಂದರೆ ಹೆಸರು ಅರ್ಧಕ್ಕೇ ಕಡಿಯುತ್ತದೆ. ಹೊಸ ಟ್ಯಾಗಿಗೆ ಆ ತೊಂದರೆ ಇಲ್ಲ.

ಕಾಗುಣಿತ ಒಂದೇ ಇರಲಿ. ಯಮನ, ಯಮನ್, ಎಮನ್ ಮೂರೂ ಬರೆದರೆ ಮೂರು ರಾಗವಾಗಿ ಕೂರುತ್ತದೆ.

ಕೋಥ್ರೂಡ್ ಕಾಕಾ

ಯಮನ ಅಂತ ಬರೀರಿ.

ಠಾಣೆ ಡೆಸಿಬಲ್

ಯಮನ್. ಇದಕ್ಕೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು.

ಪಿಂಪ್ರಿ ಪಲ್ಲವಿ

ಆಕಾಶವಾಣಿಯಿಂದ ಹಿಡಿದ ಕ್ಯಾಸೆಟ್ಟುಗಳಿಗೆ ಚೀಟಿಯೇ ಇಲ್ಲ. ಮೇಲೆ ಪೆನ್ನಿನಲ್ಲಿ "ಭೀಮಸೇನ ಜೋಶಿ, ರಾತ್ರಿ" ಅಂತಷ್ಟೇ ಇದೆ. ತಬಲಾ ಯಾರೆಂದು ಎಲ್ಲಿ ಹುಡುಕುವುದು?

ಮಾಟುಂಗಾ ಮಂದ್ರ

ಟೇಪಿನಲ್ಲೇ. ಹಾಡು ಮುಗಿದ ಮೇಲೂ ನಿಲ್ಲಿಸಬೇಡಿ, ಸೈಡಿನ ಕೊನೆಯ ಲೀಡರ್ ತನಕ ಓಡಲಿ. ರೇಡಿಯೊ ಕಛೇರಿಗೆ ಮುಂಚೆ ಇಲ್ಲವೇ ಕೊನೆಗೆ ಉದ್ಘೋಷಕರು ಪಕ್ಕವಾದ್ಯದವರ ಹೆಸರು ಹೇಳುತ್ತಾರೆ. "ಹಾಡು ಮಾತ್ರ ಸಾಕು" ಅಂತ ಆ ಮಾತನ್ನು ಕತ್ತರಿಸಿದ ಫೈಲುಗಳೇ ಈಗ ಎಲ್ಲೆಡೆ ಓಡಾಡುತ್ತಿರುವುದು. ಇನ್ನೊಂದು ಸೈಡೂ ಪೂರ್ತಿ ಕೇಳಿ, ಪ್ರಕಟಣೆ ಅಲ್ಲಿ ಬಿದ್ದಿರಬಹುದು.

ಕೋಥ್ರೂಡ್ ಕಾಕಾ

"ತಬಲಾ ಸಾಥ್…" ಅನ್ನೋದರಾಗ ಟೇಪ್ ಮುಗದಿದ್ರ?

ಮಾಟುಂಗಾ ಮಂದ್ರ

ಕೇಳಿಸಿದಷ್ಟು ಅಕ್ಷರ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಾಕಾ. ಕಂಡಿ ಖಾಲಿ ಬಿಡಬೇಡಿ.